ಸಂಕ್ರಾಂತಿಯ ಎಲೆಗೆ ಊರ ಹೊಲದ ಬೆಳೆ

ಬೆಂಗಳೂರಿನಿಂದ ಕನಕಪುರದ ಹೆದ್ದಾರಿ ಹಿಡಿದು ಮೂವತ್ತೈದು ಕಿಲೋಮೀಟರಿನಷ್ಟು ದಕ್ಷಿಣಕ್ಕೆ ಬಂದರೆ ಹಾರೋಹಳ್ಳಿ. ಜನವರಿಯ ಮೊದಲ ವಾರಗಳಲ್ಲಿ ಈ ಸೀಮೆಯ ಮುಂಜಾವಿಗೆ ಎರಡು ಬಗೆಯ ಸದ್ದು. ಒಂದು, ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬದಲಾಗುವ ಹೊತ್ತಿನ ಬಸ್ಸು, ಲಾರಿಗಳ ಸದ್ದು. ಇನ್ನೊಂದು, ಹಳ್ಳಿಯ ಒಳರಸ್ತೆಗಳಲ್ಲಿ ಹರಡಿದ ಹುರುಳಿ ಗಿಡ, ರಾಗಿ ತೆನೆಗಳ ಮೇಲೆ ವಾಹನಗಳ ಗಾಲಿ ಹರಿದಾಗ ಏಳುವ ಚರಚರ ಸದ್ದು. ಕಣ ಮಾಡಲು ಜಾಗವಿಲ್ಲ, ಕಣ ಸಾರಿಸಲು ಆಳಿಲ್ಲ, ರೋಣಗಲ್ಲು ಎಳೆಯಲು ಎತ್ತಿಲ್ಲ. ಡಾಂಬರು ರಸ್ತೆಯೇ ಕಣ, ಲಾರಿಯೇ ರೋಣಗಲ್ಲು ಎಂಬಂತಾಗಿದೆ.

ಈ ಎರಡು ಸದ್ದುಗಳ ನಡುವೆಯೇ ಸಂಕ್ರಾಂತಿ ಬರುತ್ತದೆ. ಮನೆಯ ಮುಂದೆ ರಂಗೋಲಿ, ದನಗಳ ಕೊಂಬಿಗೆ ಬಣ್ಣ, ಸಂಜೆ ಕಿಚ್ಚು ಹಾಯಿಸುವ ಸಂಭ್ರಮ, ಮಕ್ಕಳ ಕೈಯಲ್ಲಿ ಎಳ್ಳು ಬೀರುವ ತಟ್ಟೆ. ಅಡುಗೆಮನೆಯಲ್ಲಿ ಸಿಹಿ ಹುಗ್ಗಿ, ಖಾರದ ಹುಗ್ಗಿ, ಬೇಯಿಸಿದ ಅವರೆಕಾಯಿ, ಕಡಲೆಕಾಯಿ, ಗೆಣಸು. ಹೊಸ ರಾಗಿ ಬೀಸಿದ ಮನೆಯಲ್ಲಿ ಮುದ್ದೆಗೆ ಅವರೆಕಾಳಿನ ಸಾರು. ಈ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಇದು ಯಾರೋ ಪಾಕಶಾಸ್ತ್ರಜ್ಞರು ಕೂತು ಬರೆದ ಪಟ್ಟಿಯಲ್ಲ. ಡಿಸೆಂಬರ್ ಕೊನೆಯ ಹೊತ್ತಿಗೆ ಈ ಭಾಗದ ಹೊಲದಲ್ಲಿ ಏನೇನು ಕೈಗೆ ಬಂದಿರುತ್ತದೆಯೋ ಅದರ ಹಾಜರಿ ಪುಸ್ತಕ. ಹಬ್ಬದ ಎಲೆಯ ಮೇಲೆ ಹೊಲ ತನ್ನ ಹೆಸರು ಕೂಗಿಸಿಕೊಳ್ಳುತ್ತದೆ.

ಇಂದಿನ ಪ್ರಶ್ನೆ ಇಷ್ಟೇ: ಎಲೆಯ ಮೇಲಿನ ಪದಾರ್ಥಗಳೆಲ್ಲ ಹಾಗೆಯೇ ಉಳಿದಿವೆ. ಅವುಗಳ ಹಿಂದಿದ್ದ ಹೊಲ ಎಷ್ಟು ಉಳಿದಿದೆ?

ಬಂಡೆಯಿಂದ ಬಂದ ಮಣ್ಣು

ಹಾರೋಹಳ್ಳಿ, ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ ಸೀಮೆಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರಲ್ಲಿ ಅದೇ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಹೆಸರು ಎಷ್ಟು ಸಲ ಬದಲಾದರೂ ಬದಲಾಗದ ವಸ್ತು ಇಲ್ಲಿನ ಬಂಡೆ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಆ ಹೆಸರಿನಿಂದಲೇ ಭೂವಿಜ್ಞಾನಿಗಳು ಈ ಕಲ್ಲನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಕರೆಯುತ್ತಾರೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ.

ಈ ಬಗೆಯ ಬಂಡೆಗಳು ಬಿಸಿಲು, ಮಳೆ, ಬೇರುಗಳ ಕೆಲಸದಿಂದ ಪುಡಿಯಾಗಿ ಉಂಟಾದದ್ದೇ ಇಲ್ಲಿನ ಕೆಂಪು ಮರಳು ಮಿಶ್ರಿತ ಮಣ್ಣು. ಕಬ್ಬಿಣದ ಆಕ್ಸೈಡಿನಿಂದ ಅದಕ್ಕೆ ಕೆಂಪು ಬಣ್ಣ. ನೀರು ಬೇಗ ಇಂಗುತ್ತದೆ, ಬೇಗ ಆರುತ್ತದೆ. ಸಾರಜನಕ ಕಡಿಮೆ, ಸಾವಯವ ಅಂಶವೂ ಕಡಿಮೆ. ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ಅದೂ ಒಂದೇ ಹದದಲ್ಲಿ ಬೀಳುವುದಿಲ್ಲ. ಇಂತಹ ಬಡ ಮಣ್ಣಿನಲ್ಲಿ, ನಂಬಲಾಗದ ಮಳೆಯಲ್ಲಿ ತಲೆಮಾರುಗಳ ಕಾಲ ಮನೆ ತುಂಬ ಜನ ಉಂಡು ಬದುಕಿದರು. ಅದು ಹೇಗೆ ಸಾಧ್ಯವಾಯಿತು? ಉತ್ತರ ಅಕ್ಕಡಿ ಸಾಲಿನಲ್ಲಿದೆ.

ಅಕ್ಕಡಿಯ ಒಳಗುಟ್ಟು

ರಾಗಿ ಹೊಲದ ನಡುನಡುವೆ ಅವರೆ, ತೊಗರಿ, ಅಂಚಿನಲ್ಲಿ ಹುಚ್ಚೆಳ್ಳು, ಅಲ್ಲಲ್ಲಿ ಹರಳು, ಜೋಳದ ಸಾಲು ಇಡುವುದಕ್ಕೆ ರೈತರು ಅಕ್ಕಡಿ ಎನ್ನುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಇದನ್ನೇ ಅಳೆದು ನೋಡಿ, 8 ಸಾಲು ರಾಗಿಗೆ 2 ಸಾಲು ತೊಗರಿ, ಅಥವಾ 8 ಸಾಲು ರಾಗಿಗೆ 1 ಸಾಲು ಅವರೆ ಎಂದು ಶಿಫಾರಸು ಮಾಡಿದೆ.

ಇದರಲ್ಲಿ ವಿಜ್ಞಾನವೇನು? ರಾಗಿಯದು ಮೇಲುಮಣ್ಣಿನಲ್ಲಿ ಹರಡುವ ತಂತುಬೇರು. ತೊಗರಿಯದು ಆಳಕ್ಕಿಳಿಯುವ ತಾಯಿಬೇರು. ಒಂದೇ ಹೊಲದಲ್ಲಿದ್ದರೂ ಇಬ್ಬರೂ ಬೇರೆ ಬೇರೆ ಮಹಡಿಯಲ್ಲಿ ನೀರು ಕುಡಿಯುತ್ತಾರೆ. ಅವರೆ, ತೊಗರಿಗಳ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾಗಳು ಮನೆ ಮಾಡಿರುತ್ತವೆ. ಗಾಳಿಯಲ್ಲಿ ಶೇಕಡ 78ರಷ್ಟು ಸಾರಜನಕವಿದ್ದರೂ ಗಿಡಗಳು ಅದನ್ನು ನೇರವಾಗಿ ಬಳಸಲಾರವು. ಈ ಬ್ಯಾಕ್ಟೀರಿಯಾಗಳು ಅದನ್ನು ಹಿಡಿದು ಗಿಡಕ್ಕೆ ದಕ್ಕುವ ರೂಪಕ್ಕೆ ತರುತ್ತವೆ. ಪ್ರತಿಯಾಗಿ ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಅವರೆ ಹೂ ಬಿಡುವ ಮುನ್ನ ಒಂದು ಗಿಡವನ್ನು ಮಣ್ಣು ಸಮೇತ ಮೆಲ್ಲನೆ ಅಗೆದು, ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಬಹುದು. ಒಳಗೆ ನಸುಗೆಂಪು ಬಣ್ಣವಿದ್ದರೆ ಆ ಗಂಟು ದುಡಿಯುತ್ತಿದೆ ಎಂದರ್ಥ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ನೆಂಟನಾದ ಒಂದು ಪ್ರೋಟೀನು ಆ ಬಣ್ಣಕ್ಕೆ ಕಾರಣ. ಬೆಳೆ ಕೊಯ್ದ ಮೇಲೆ ಮಣ್ಣಿನಲ್ಲಿ ಉಳಿದ ಬೇರು, ಉದುರಿದ ಎಲೆ ಕೊಳೆತು ಮುಂದಿನ ಬೆಳೆಗೆ ಗೊಬ್ಬರವಾಗುತ್ತವೆ.

ಹುಚ್ಚೆಳ್ಳಿನ ಹಳದಿ ಹೂ ಜೇನ್ನೊಣಗಳನ್ನು ಕರೆಯುತ್ತದೆ. ಮಳೆ ಮುಂಚೆ ಬಂದು ನಿಂತರೆ ಒಂದು ಬೆಳೆ ಕೈಹಿಡಿಯುತ್ತದೆ, ತಡವಾಗಿ ಬಂದರೆ ಇನ್ನೊಂದು. ಎಲ್ಲವೂ ಒಟ್ಟಿಗೆ ಕೈಕೊಡುವ ವರ್ಷ ವಿರಳ. ಬ್ಯಾಂಕಿನ ವಿಮೆ ಬರುವುದಕ್ಕೆ ಮುಂಚೆ ಅಕ್ಕಡಿಯೇ ರೈತನ ವಿಮೆಯಾಗಿತ್ತು.

ಅಕ್ಕಡಿ ಹೊಲವನ್ನು ಹಾಗೆಯೇ ಅಡುಗೆಮನೆಗೆ ಎತ್ತಿ ತಂದರೆ ಸಂಪೂರ್ಣ ಆಹಾರವಾಗುತ್ತದೆ ಎಂಬುದು ಇನ್ನೊಂದು ಸ್ವಾರಸ್ಯ. ಅಕ್ಕಿಯಂಥ ಏಕದಳ ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಅವರೆ, ಹೆಸರುಗಳಲ್ಲಿ ಲೈಸಿನ್ ಹೇರಳ, ಆದರೆ ಮಿಥಿಯೋನಿನ್ ಕಡಿಮೆ. ಎಳ್ಳಿನಲ್ಲಿ ಮಿಥಿಯೋನಿನ್ ಚೆನ್ನಾಗಿದೆ. ಹುಗ್ಗಿಯಲ್ಲಿ ಅಕ್ಕಿ, ಬೇಳೆ ಕೂಡಿದಾಗ, ಜೊತೆಗೆ ಎಳ್ಳು ಸೇರಿದಾಗ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಾರೆ. ಅಮೈನೋ ಆಮ್ಲದ ಹೆಸರನ್ನೇ ಕೇಳದ ಅಜ್ಜಿಯರು ಈ ಲೆಕ್ಕವನ್ನು ರುಚಿಯ ಮೂಲಕ ಕಂಡುಕೊಂಡಿದ್ದರು.

ಹಗಲನ್ನು ಅಳೆಯುವ ಅವರೆ

ಸಂಕ್ರಾಂತಿಯ ರಾಜ ಅವರೆಕಾಯಿ. ಮಾಗಡಿ ಸೀಮೆಯ ಅವರೆ ಬೆಂಗಳೂರಿನ ಮಾರುಕಟ್ಟೆಯಲ್ಲೂ ಹೆಸರುವಾಸಿ. ಇದು ಚಳಿಗಾಲಕ್ಕೇ ಏಕೆ ಬರುತ್ತದೆ? ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಸಸ್ಯ. ನಮ್ಮ ಅಕ್ಷಾಂಶದಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರಿನ ಅತಿ ಕಿರಿದಾದ ಹಗಲು ಸುಮಾರು 11 ಗಂಟೆ 25 ನಿಮಿಷ. ಇಡೀ ವರ್ಷದ ವ್ಯತ್ಯಾಸ ಒಂದೂವರೆ ಗಂಟೆಗಿಂತ ಕಡಿಮೆ. ಮನುಷ್ಯರಿಗೆ ಅಷ್ಟಾಗಿ ಅರಿವಿಗೆ ಬಾರದ ಈ ವ್ಯತ್ಯಾಸವನ್ನು ಅವರೆ ಗಿಡ ತನ್ನ ಎಲೆಗಳಲ್ಲಿರುವ ಬೆಳಕು ಗ್ರಹಿಸುವ ವರ್ಣದ್ರವ್ಯದ ಸಹಾಯದಿಂದ ಕರಾರುವಾಕ್ಕಾಗಿ ಅಳೆಯುತ್ತದೆ. ಜುಲೈನಲ್ಲಿ ಬಿತ್ತಿದರೂ ಮಳೆಗಾಲ ಮುಗಿಯುವವರೆಗೆ ಕಾಯುತ್ತದೆ.

ಈ ಕಾಯುವಿಕೆಯನ್ನು ತಪ್ಪಿಸಲು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳನ್ನು ರೂಪಿಸಿದರು. ಹಗಲಿನ ಉದ್ದದ ಹಂಗಿಲ್ಲದೆ ಇವು ವರ್ಷದ ಯಾವ ಕಾಲದಲ್ಲಾದರೂ ಹೂ ಬಿಡುತ್ತವೆ. ರೈತನಿಗೆ ಇದರಿಂದ ಅನುಕೂಲವಿದೆ. ಆದರೂ ಸಂಕ್ರಾಂತಿ ಹೊತ್ತಿಗೆ ಗೃಹಿಣಿಯರು ಕಾಯಿಯನ್ನು ಮೂಗಿಗೆ ಹಿಡಿದು ನೋಡಿಯೇ ಕೊಳ್ಳುತ್ತಾರೆ. ಅವರು ಹುಡುಕುವುದು ಸೊಗಡನ್ನು. ಕೈಗೆ ಅಂಟುವ ಆ ಸೊನೆ, ಸಿಪ್ಪೆಯ ಮೇಲೆ ಒಸರುವ ಎಣ್ಣೆ. ಅದರಲ್ಲಿನ ಕೆಲವು ಮೇದಾಮ್ಲಗಳೇ ಆ ಪರಿಮಳಕ್ಕೆ ಕಾರಣ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚು ಎಂಬುದು ಹಳ್ಳಿಗರ ಮಾತು.

ಅವರೆಯ ಬಗ್ಗೆ ಮಕ್ಕಳು ತಿಳಿದಿರಬೇಕಾದ ಇನ್ನೊಂದು ಮಾತು: ಬಲಿತ ಕಾಳನ್ನು ಹಸಿಯಾಗಿ ತಿನ್ನಬಾರದು. ಪ್ರೋಟೀನು ಜೀರ್ಣವಾಗುವುದನ್ನು ತಡೆಯುವ ವಸ್ತುಗಳು, ಅಲ್ಪ ಪ್ರಮಾಣದ ಸಯನೈಡ್ ಸಂಯುಕ್ತಗಳು ಅದರಲ್ಲಿವೆ. ನೆನೆಸಿ, ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿದರೆ ಅವು ಬಹುಪಾಲು ಹೋಗುತ್ತವೆ. ರಾತ್ರಿಯೆಲ್ಲ ನೆನೆಸಿ ಸಿಪ್ಪೆ ತೆಗೆದ ಹಿತಕಿದ ಬೇಳೆಯ ಹಿಂದೆ ರುಚಿಯ ಜೊತೆಗೆ ಈ ಎಚ್ಚರಿಕೆಯೂ ಸೇರಿಕೊಂಡಿದೆ.

ಆಫ್ರಿಕದಿಂದ ಬಂದ ಮನೆಮಗ

ಊರಲ್ಲಿ ಬೆಳೆದದ್ದನ್ನೇ ಉಣ್ಣಬೇಕು ಎಂದೊಡನೆ ಕೆಲವರು ಕೇಳುವುದುಂಟು: ಹಾಗಾದರೆ ಊರಿನ ಬೆಳೆ ಎಂದರೆ ಯಾವುದು? ಪ್ರಶ್ನೆ ಸರಿಯಾದದ್ದೇ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳು. ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಗೆಣಸು, ಮೆಣಸಿನಕಾಯಿ ಕೂಡ ಅಮೆರಿಕ ಖಂಡದಿಂದ ಸಾಗರ ದಾಟಿ ಬಂದವು. ಕಬ್ಬು ನ್ಯೂಗಿನಿಯ ಕಡೆಯದು. ಸಂಕ್ರಾಂತಿಯ ತಟ್ಟೆಯಲ್ಲಿ ಭಾರತ ಉಪಖಂಡದಲ್ಲೇ ಮೊದಲು ಪಳಗಿದ ಬೆಳೆ ಎಂದು ಗಟ್ಟಿಯಾಗಿ ಹೇಳಬಹುದಾದದ್ದು ಎಳ್ಳು.

ಹೀಗಾಗಿ ಊರಿನ ಬೆಳೆ ಎನ್ನುವುದು ಜಾತಕ ನೋಡಿ ನಿರ್ಧರಿಸುವ ವಿಷಯವಲ್ಲ. ಯಾವ ಬೆಳೆ ಇಲ್ಲಿನ ಮಣ್ಣು, ಮಳೆಗೆ ಹೊಂದಿಕೊಂಡಿತೋ, ಯಾವುದರ ಬೀಜವನ್ನು ಇಲ್ಲಿನ ಹೆಂಗಸರು ಬೂದಿಯಲ್ಲಿ ಕಲಸಿ ಗುಡಾಣದಲ್ಲಿಟ್ಟು ಕಾಪಾಡಿದರೋ ಅದು ಊರಿನ ಬೆಳೆ. ಆ ಲೆಕ್ಕದಲ್ಲಿ ರಾಗಿ ಈ ಸೀಮೆಯ ಮನೆಮಗ. ಇದು ಸಿ-4 ಎಂಬ ವಿಶೇಷ ಬಗೆಯ ದ್ಯುತಿಸಂಶ್ಲೇಷಣೆ ನಡೆಸುವ ಸಸ್ಯ. ಬಿಸಿಲು ಹೆಚ್ಚಿದ್ದರೂ ಕಡಿಮೆ ನೀರಿನಲ್ಲಿ ಹೆಚ್ಚು ಆಹಾರ ತಯಾರಿಸುತ್ತದೆ. ಚಿಕ್ಕ ಕಾಳು, ಗಟ್ಟಿ ಸಿಪ್ಪೆ; ಹುಳು ಸುಲಭವಾಗಿ ತಾಗುವುದಿಲ್ಲ. ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಕೆಡದೆ ಇದ್ದು ಬರಗಾಲದಲ್ಲಿ ಜನರನ್ನು ಕಾಪಾಡಿದೆ. ಕನಕದಾಸರು ತಮ್ಮ ‘ರಾಮಧಾನ್ಯ ಚರಿತ್ರೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ, ಎರಡನ್ನೂ ಸೆರೆಯಲ್ಲಿಡಿಸಿ, ಕೆಡದೆ ಉಳಿದ ರಾಗಿಯನ್ನು ಗೆಲ್ಲಿಸಿದ್ದು ಈ ಗುಣದ ಮೇಲೆಯೇ.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ಅಕ್ಕಿಯಲ್ಲಿರುವುದು ಸುಮಾರು 10 ಮಿಲಿಗ್ರಾಂ. ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ವಿಜ್ಞಾನಿ ಲಕ್ಷ್ಮಣಯ್ಯನವರನ್ನು ಕನ್ನಡ ನಾಡು ಪ್ರೀತಿಯಿಂದ ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆಯಿತು. ತವರಿನ ನೆಂಟನನ್ನು ಕರೆತಂದು ಮನೆಮಗನ ಬಲ ಹೆಚ್ಚಿಸಿದ ಕೆಲಸವದು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿತು. 2024ರಲ್ಲಿ ರಾಜ್ಯದ ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳಿಗೆ ಹಾಲಿನೊಂದಿಗೆ ರಾಗಿ ಮಾಲ್ಟ್ ಕೊಡುವುದು ಆರಂಭವಾಯಿತು. ಕೇಂದ್ರ ಸರ್ಕಾರ 2025-26ನೇ ಸಾಲಿಗೆ ರಾಗಿಯ ಬೆಂಬಲ ಬೆಲೆಯನ್ನು ಕ್ವಿಂಟಲಿಗೆ 4,886 ರೂಪಾಯಿ ಎಂದು ನಿಗದಿ ಮಾಡಿತು. ಒಂದು ಕಾಲಕ್ಕೆ ಬಡವರ ಅನ್ನವೆಂದು ಮೂಗು ಮುರಿಯುತ್ತಿದ್ದವರೇ ಇಂದು ಅದನ್ನು ಬಣ್ಣದ ಪೊಟ್ಟಣದಲ್ಲಿ ದುಬಾರಿ ಬೆಲೆಗೆ ಕೊಳ್ಳುತ್ತಿದ್ದಾರೆ.

ಎಳ್ಳು ಬೆಲ್ಲದ ಪ್ರವಾಸ

ಈಗ ಎಳ್ಳು ಬೀರುವ ತಟ್ಟೆಯನ್ನೇ ಪರೀಕ್ಷೆಗೆ ಇಟ್ಟು ನೋಡೋಣ. ಕಡಲೆಕಾಯಿ ಈ ಜಿಲ್ಲೆಯಲ್ಲೂ ಬೆಳೆಯುತ್ತದೆ. ಬೆಂಗಳೂರು ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಗೆ ಮಾಗಡಿ, ಕನಕಪುರ ಕಡೆಯ ರೈತರು ತಮ್ಮ ಬೆಳೆ ಹೊತ್ತು ಹೋಗುತ್ತಾ ಬಂದಿದ್ದಾರೆ. ಬೆಲ್ಲ, ಕಬ್ಬು ಪಕ್ಕದ ಮಂಡ್ಯದಿಂದ ಬರುತ್ತವೆ. ಕೊಬ್ಬರಿ ಊರಿನದಲ್ಲದಿದ್ದರೆ ತಿಪಟೂರಿನದು. ಎಳ್ಳು ಮಾತ್ರ ಬಹುಮಟ್ಟಿಗೆ ದೂರದ ಊರುಗಳದು. ಹಿಂದೆ ಮುಂಗಾರಿನ ಮೊದಲ ಮಳೆಗೇ ಬಿತ್ತುತ್ತಿದ್ದ ಎಳ್ಳು ಈ ಭಾಗದಲ್ಲಿ ಕಾಣುವುದು ಕಡಿಮೆ. ಅಂಗಡಿಯ ಬಿಳಿ ಎಳ್ಳು ಸಿಪ್ಪೆ ತೆಗೆದದ್ದು. ಎಳ್ಳಿನ ಸುಣ್ಣದ ಅಂಶ ಹೆಚ್ಚಾಗಿರುವುದು ಆ ಸಿಪ್ಪೆಯಲ್ಲೇ. ಅದೂ ಬಹುಪಾಲು ಆಕ್ಸಲೇಟ್ ರೂಪದಲ್ಲಿರುವುದರಿಂದ ದೇಹಕ್ಕೆ ದಕ್ಕುವುದು ಸ್ವಲ್ಪವೇ.

ಖಾರದ ಹುಗ್ಗಿಯ ಒಗ್ಗರಣೆಗೆ ಬಂದರೆ ಪ್ರವಾಸ ಇನ್ನೂ ಉದ್ದ. ಕಾಳುಮೆಣಸು ಮಲೆನಾಡು, ಕೊಡಗಿನದು. ಜೀರಿಗೆ ಗುಜರಾತ್, ರಾಜಸ್ಥಾನದ್ದು. ಇಂಗು ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ಬರುತ್ತದೆ. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಅದರ ಗಿಡ ನೆಟ್ಟು ಬೆಳೆಸುವ ಪ್ರಯತ್ನ ಆರಂಭವಾದದ್ದೇ 2020ರಲ್ಲಿ. ದೇಶದ ಉಪ್ಪಿನ ಬಹುಪಾಲು ಗುಜರಾತಿನದು. ಸಮುದ್ರವಿಲ್ಲದ ಯಾವ ಹಳ್ಳಿಯೂ ಉಪ್ಪಿನಲ್ಲಿ ಸ್ವಾವಲಂಬಿಯಾಗಿರಲಿಲ್ಲ. ‘ಎಲ್ಲವೂ ನಮ್ಮೂರಿನದೇ’ ಎಂಬ ಮಾತು ಹಿಂದೆಯೂ ಪೂರ್ತಿ ನಿಜವಾಗಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ವಿದೇಶಗಳಲ್ಲೂ ಈ ಚರ್ಚೆ ನಡೆದಿದೆ. 2005ರಲ್ಲಿ ಕೆನಡದ ವ್ಯಾಂಕೂವರಿನ ಅಲಿಸಾ ಸ್ಮಿತ್, ಜೆ.ಬಿ. ಮೆಕಿನನ್ ಎಂಬ ಲೇಖಕ ದಂಪತಿ ಒಂದು ವರ್ಷ ಕಾಲ ನೂರು ಮೈಲಿ, ಅಂದರೆ 160 ಕಿ.ಮೀ. ಒಳಗೆ ಬೆಳೆದದ್ದನ್ನಷ್ಟೇ ತಿನ್ನುವ ವ್ರತ ಹಿಡಿದರು. ಅವರಿಗೆ ಗೋಧಿ ಸಿಗುವುದೇ ಕಷ್ಟವಾಯಿತು. ಹಾರೋಹಳ್ಳಿಯ ಸುತ್ತ ಅದೇ 160 ಕಿ.ಮೀ. ವೃತ್ತ ಎಳೆದರೆ ಮಂಡ್ಯ, ಮೈಸೂರು, ತುಮಕೂರು, ಕೋಲಾರಗಳೆಲ್ಲ ಒಳಗೆ ಬರುತ್ತವೆ. ಅಕ್ಕಿ, ರಾಗಿ, ಬೇಳೆ, ಬೆಲ್ಲ, ತೆಂಗು, ಹಾಲು, ತರಕಾರಿ, ಹಣ್ಣು ಯಾವುದಕ್ಕೂ ಕೊರತೆಯಿಲ್ಲ. ಕೆನಡದವರು ವ್ರತವಾಗಿ ಮಾಡಿದ್ದು ಇಲ್ಲಿ ಇಂದಿಗೂ ಸಹಜವಾಗಿ ಸಾಧ್ಯ.

ಆದರೆ ಲಾರಿ ಓಡಿದ ಮೈಲಿಯನ್ನಷ್ಟೇ ಎಣಿಸಿದರೆ ಲೆಕ್ಕ ತಪ್ಪುತ್ತದೆ. 2008ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಕ್ರಿಸ್ಟೋಫರ್ ವೆಬರ್, ಸ್ಕಾಟ್ ಮ್ಯಾಥ್ಯೂಸ್ ಅಲ್ಲಿನ ಮನೆಗಳ ಆಹಾರದಿಂದ ಹೊರಬೀಳುವ ಹಸಿರುಮನೆ ಅನಿಲಗಳನ್ನು ಲೆಕ್ಕ ಹಾಕಿದರು. ಸಾಗಾಟದ ಪಾಲು ಶೇ 11ರಷ್ಟು ಮಾತ್ರ. ಶೇ 83ರಷ್ಟು ಪಾಲು ಆಹಾರವನ್ನು ಬೆಳೆಯುವ, ತಯಾರಿಸುವ ಹಂತದ್ದೇ ಆಗಿತ್ತು. ಎಷ್ಟು ದೂರದಿಂದ ಬಂತು ಎಂಬುದಕ್ಕಿಂತ ಹೇಗೆ ಬೆಳೆಯಿತು ಎಂಬುದು ದೊಡ್ಡ ಪ್ರಶ್ನೆ. ಅವರೆ, ಹುರುಳಿಗಳಂತೆ ಗಾಳಿಯಿಂದಲೇ ಸಾರಜನಕ ಹಿಡಿದು, ಮಳೆ ನೀರಿನಲ್ಲೇ ಬೆಳೆಯುವ ಬೆಳೆ ಈ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತದೆ.

ಹತ್ತಿರದ್ದೆಲ್ಲ ಚೊಕ್ಕವೇ?

ಹೇಗೆ ಬೆಳೆಯಿತು ಎಂಬ ಪ್ರಶ್ನೆಯನ್ನು ಊರಿನ ಬೆಳೆಗೂ ಕೇಳಲೇಬೇಕು. ಹಾರೋಹಳ್ಳಿಗೆ ವಾಯವ್ಯದಲ್ಲಿ, ಬಿಡದಿಯ ಬಳಿ ಬೈರಮಂಗಲ ಕೆರೆಯಿದೆ. ವ್ಯವಸಾಯಕ್ಕೆಂದೇ ಕಟ್ಟಿದ ಜಲಾಶಯ. ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯನ್ನೂ ಕೈಗಾರಿಕೆಗಳ ತ್ಯಾಜ್ಯವನ್ನೂ ಹೊತ್ತ ವೃಷಭಾವತಿ ಇಲ್ಲಿಗೆ ಬಂದು ಸೇರಿ, ಮುಂದೆ ದಕ್ಷಿಣಕ್ಕೆ ಹರಿದು ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ನಂದಿ ಬೆಟ್ಟದಲ್ಲಿ ತಿಳಿನೀರಾಗಿ ಹುಟ್ಟಿ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳಲ್ಲಿ ಬೆಂಗಳೂರಿಗೆ ಕುಡಿಯಲು ನೀರು ಕೊಟ್ಟ ನದಿಗೆ ನಗರ ಹಿಂದಿರುಗಿಸಿದ್ದು ಇದು.

ವೃಷಭಾವತಿಯ ನೀರು ಹಾಯಿಸಿದ ಹೊಲಗಳ ಮಣ್ಣು, ಸೊಪ್ಪು, ತರಕಾರಿಗಳಲ್ಲಿ ಭಾರಲೋಹಗಳಿರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ರೈತನನ್ನು ದೂರಿ ಫಲವಿಲ್ಲ. ಬೇಸಿಗೆಯಲ್ಲೂ ಹರಿಯುವ ನೀರು ಅವನಿಗೆ ಅದೊಂದೇ. ಆದರೆ ತಿನ್ನುವವರು ಎರಡು ವಿಷಯ ತಿಳಿದಿರಬೇಕು. ಸಾಮಾನ್ಯವಾಗಿ ಕಾಳು, ಹಣ್ಣುಗಳಿಗಿಂತ ಸೊಪ್ಪುಗಳು ಭಾರಲೋಹಗಳನ್ನು ಹೆಚ್ಚು ಹೀರುತ್ತವೆ. ತೊಳೆಯುವುದರಿಂದ ಸೊಪ್ಪಿನ ಮೇಲಿನ ಕೊಳೆ, ರೋಗಾಣು ಕಡಿಮೆಯಾಗಬಹುದು. ಬೇರಿನ ಮೂಲಕ ಒಳಸೇರಿದ ಲೋಹ ಹೋಗುವುದಿಲ್ಲ. ಆದ್ದರಿಂದ ಸಂತೆಯಲ್ಲಿ ಸೊಪ್ಪು ಕೊಳ್ಳುವಾಗ ಬೆಲೆಯ ಜೊತೆಗೆ ‘ಯಾವ ನೀರಿನ ಬೆಳೆ?’ ಎಂದೂ ವಿಚಾರಿಸಬೇಕು. ಊರಿನ ರೈತನಿಂದ ಕೊಳ್ಳುವುದರ ದೊಡ್ಡ ಲಾಭ ಇದೇ. ಪೊಟ್ಟಣ ಉತ್ತರ ಕೊಡುವುದಿಲ್ಲ, ರೈತ ಕೊಡುತ್ತಾನೆ. ರಸ್ತೆಯಲ್ಲಿ ಬಡಿದ ಕಾಳಿಗೂ ಇದೇ ಮಾತು. ಡಾಂಬರಿನ ಚೂರು, ಎಣ್ಣೆ, ಧೂಳು ಸೇರುವುದರ ಜೊತೆಗೆ ದ್ವಿಚಕ್ರ ವಾಹನಗಳು ಜಾರಿ ಬೀಳುವ ಅಪಾಯವೂ ಇದೆ. ಊರಿಗೊಂದು ಸಾಮೂಹಿಕ ಸಿಮೆಂಟು ಕಣವಿದ್ದರೆ ಎರಡೂ ತಪ್ಪುತ್ತವೆ.

ಷೆಡ್ಡಿನ ನೆರಳಲ್ಲಿ ಹೊಲ

ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹಾರೋಹಳ್ಳಿಯಲ್ಲಿ ಹಂತ ಹಂತವಾಗಿ ಭೂಮಿ ಪಡೆದು ಕಾರ್ಖಾನೆಗಳಿಗೆ ಕೊಟ್ಟಿದೆ. ಇದರಿಂದ ಈ ಭಾಗದ ಎಷ್ಟೋ ಮನೆಗಳಿಗೆ ತಿಂಗಳ ಸಂಬಳ ಬಂತು. ಮಕ್ಕಳು ಕಾಲೇಜಿಗೆ ಹೋದರು. ಮಳೆ ನೋಡಿ ನಿಟ್ಟುಸಿರು ಬಿಡುವ ಬದುಕೇ ಚೆನ್ನಾಗಿತ್ತು ಎಂದು ನಗರದಲ್ಲಿ ಕುಳಿತು ಹೇಳುವುದು ಸುಲಭ. ಅದನ್ನು ಬಾಳಿದವರು ಹಾಗೆ ಹೇಳುವುದಿಲ್ಲ.

ಆದರೂ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಕಾರ್ಖಾನೆ ಮುಚ್ಚಿದರೆ ಇನ್ನೊಂದನ್ನು ಕಟ್ಟಬಹುದು. ಸಿಮೆಂಟು ಹಾಸಿದ ಮೇಲುಮಣ್ಣನ್ನು ಹಾಗೆ ಮರಳಿ ತರಲಾಗದು. ಒಂದು ಸೆಂಟಿಮೀಟರ್ ಮೇಲುಮಣ್ಣು ತಾನಾಗಿ ರೂಪುಗೊಳ್ಳಲು ನೂರಾರು ವರ್ಷ ಬೇಕು. ಹೊಲದ ಜೊತೆಗೆ ಬೀಜವೂ ಹೋಗುತ್ತದೆ. ಎರಡು ಮೂರು ವರ್ಷ ಬಿತ್ತದಿದ್ದರೆ ಮನೆಯ ನಾಟಿ ಅವರೆ ಬೀಜ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಬೀಜ ಹೋದ ಮೇಲೆ ಅದನ್ನು ಯಾವಾಗ ಬಿತ್ತಬೇಕು, ಯಾವುದರ ಪಕ್ಕ ಬಿತ್ತಬೇಕು ಎಂಬ ತಿಳಿವಳಿಕೆಯೂ ಹೋಗುತ್ತದೆ. ಇದನ್ನು ಅರಿತೇ ಬೆಂಗಳೂರಿನ ‘ಸಹಜ ಸಮೃದ್ಧ’ದಂತಹ ಸಂಸ್ಥೆಗಳು ನಾಟಿ ಬೀಜಗಳನ್ನು ಉಳಿಸಿ ಹಂಚುವ ಕೆಲಸ ಮಾಡುತ್ತಿವೆ.

ಕಾರ್ಖಾನೆಗಳಿಂದಾಗಿ ಈ ಊರಿಗೆ ಇನ್ನೊಂದು ಸಂಗತಿಯೂ ಬಂದಿದೆ. ಬೇರೆ ಜಿಲ್ಲೆ, ಬೇರೆ ರಾಜ್ಯಗಳ ಕಾರ್ಮಿಕರು ಬಾಡಿಗೆ ಕೋಣೆಗಳಲ್ಲಿ ತಮ್ಮ ತಮ್ಮ ಊರಿನ ಸಂಕ್ರಾಂತಿಯನ್ನು ನೆನೆಯುತ್ತಾರೆ. ಉತ್ತರ ಕರ್ನಾಟಕದವರಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ಬಿಹಾರದವರಿಗೆ ಮೊಸರು, ಅವಲಕ್ಕಿ, ಎಳ್ಳಿನ ಉಂಡೆ. ತಮಿಳರಿಗೆ ಹೊಸ ಅಕ್ಕಿಯ ಪೊಂಗಲ್. ಒಡಿಶಾದವರಿಗೆ ಹೊಸ ಅಕ್ಕಿಗೆ ಬೆಲ್ಲ, ಬಾಳೆಹಣ್ಣು, ತೆಂಗು ಬೆರೆಸಿದ ‘ಮಕರ ಚೌಳ’. ಹೆಸರು ಬೇರೆ, ಅರ್ಥ ಒಂದೇ: ನಮ್ಮ ಹೊಲದಲ್ಲಿ ಇದು ಬೆಳೆಯಿತು. ಅಕ್ಕಪಕ್ಕದ ಮನೆಯವರು ಎಳ್ಳು ಬೀರುವಾಗ ಈ ಕೋಣೆಗಳ ಬಾಗಿಲನ್ನೂ ತಟ್ಟಿದರೆ, ಮಕ್ಕಳು ಒಂದು ಸಂಜೆಯಲ್ಲೇ ಅರ್ಧ ಭಾರತದ ಕೃಷಿ ಭೂಗೋಳ ಕಲಿಯಬಹುದು.

ಮಕ್ಕಳಿಗೊಂದು ಹಬ್ಬದ ಪ್ರಯೋಗ

ಈ ಸಲದ ಸಂಕ್ರಾಂತಿಗೆ ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಸಣ್ಣ ಪ್ರಯೋಗ ಮಾಡಬಹುದು. ಹಬ್ಬದ ಅಡುಗೆಗೆ ಬಳಸಿದ ಪದಾರ್ಥಗಳನ್ನೆಲ್ಲ, ಉಪ್ಪು ಎಣ್ಣೆಯೂ ಬಿಡದಂತೆ, ಒಂದು ಹಾಳೆಯಲ್ಲಿ ಬರೆಯಬೇಕು. ಎದುರಿಗೆ ಮೂರು ಕಲಂ: ನಮ್ಮ ತಾಲ್ಲೂಕಿನದು, ನಮ್ಮ ರಾಜ್ಯದ್ದು, ಹೊರಗಿನದು. ಅಂಗಡಿಯವರನ್ನು, ಪೊಟ್ಟಣದ ಚೀಟಿಯನ್ನು, ಸಂತೆಯ ರೈತರನ್ನು ವಿಚಾರಿಸಿ ತುಂಬಬೇಕು. ಬಳಿಕ ಮನೆಯ ಹಿರಿಯರ ಬಳಿ ಕುಳಿತು, ಅವರು ಹತ್ತು ವರ್ಷದವರಿದ್ದಾಗ ಇದೇ ಪಟ್ಟಿ ಹೇಗಿತ್ತು ಎಂದು ಕೇಳಿ ಪಕ್ಕದಲ್ಲಿ ಇನ್ನೊಂದು ಪಟ್ಟಿ ಮಾಡಬೇಕು. ಎರಡು ಪಟ್ಟಿಗಳ ನಡುವಿನ ಅಂತರವೇ ಆ ಊರಿನ ಚರಿತ್ರೆ.

ತಂದೆ ತಾಯಿಯರೂ ಪಾಲು ಹೊರಬಹುದು. ಎಲ್ಲವನ್ನೂ ಊರಿನಿಂದಲೇ ತರಬೇಕೆಂಬ ಹಟ ಬೇಡ. ಹಬ್ಬದ ಎಲೆಯ ಮೂರೋ ನಾಲ್ಕೋ ಪದಾರ್ಥಗಳನ್ನು, ಅವರೆ, ರಾಗಿ, ಕಡಲೆಕಾಯಿ, ತೆಂಗಿನಕಾಯಿಗಳನ್ನು, ಬೆಳೆದವರ ಕೈಯಿಂದಲೇ ನೇರವಾಗಿ, ಚೌಕಾಸಿ ಮಾಡದೆ ಕೊಂಡರೆ ಸಾಕು. ಬೆಳೆದವನಿಗೆ ಬೆಲೆ ಸಿಕ್ಕರೆ ಮುಂದಿನ ವರ್ಷವೂ ಬಿತ್ತುತ್ತಾನೆ. ಅವನು ಬಿತ್ತುವವರೆಗೆ ಬೀಜ ಉಳಿಯುತ್ತದೆ.

ಪಂಚಾಂಗದಂತೆ ಸೂರ್ಯ ಮಕರ ರಾಶಿಯನ್ನು ಪ್ರವೇಶಿಸುವುದು ಜನವರಿ 14 ಅಥವಾ 15ಕ್ಕೆ. ನಿಜವಾದ ಉತ್ತರಾಯಣ ಡಿಸೆಂಬರ್ 21-22ಕ್ಕೇ ಆರಂಭವಾಗಿರುತ್ತದೆ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೂಗುವುದರಿಂದ, ಸುಮಾರು 1,700 ವರ್ಷಗಳ ಹಿಂದೆ ಒಂದೇ ದಿನ ಬರುತ್ತಿದ್ದ ಇವೆರಡೂ ಈಗ ಮೂರು ವಾರಕ್ಕೂ ಹೆಚ್ಚು ದೂರ ಸರಿದಿವೆ. ಆಕಾಶದ ಲೆಕ್ಕದಿಂದ ಹಬ್ಬ ಹೀಗೆ ಬೇರ್ಪಟ್ಟರೂ ಜನ ಅದನ್ನು ಬಿಡಲಿಲ್ಲ. ಏಕೆಂದರೆ ಕಣದ ಲೆಕ್ಕ ಸರಿಯಾಗಿತ್ತು. ಕಾಳು ಮನೆಗೆ ಬರುತ್ತಿತ್ತು. ಈಗ ಸರಿಯುತ್ತಿರುವುದು ಆ ಕಣವೇ. ಸೂರ್ಯನನ್ನು ಹಿಂದಕ್ಕೆ ಕರೆಯಲು ಯಾರಿಂದಲೂ ಆಗದು. ಹಾರೋಹಳ್ಳಿಯ ಹಿತ್ತಿಲಲ್ಲಿ, ಉಳಿದ ತುಂಡು ಹೊಲದಲ್ಲಿ, ಶಾಲೆಯ ಕೈತೋಟದ ಬೇಲಿಯ ಮೇಲೆ ಮುಂದಿನ ಮಳೆಗಾಲಕ್ಕೆ ನಾಲ್ಕು ನಾಟಿ ಅವರೆ ಬೀಜ ಊರುವುದು ಮಾತ್ರ ಪ್ರತಿಯೊಂದು ಮಗುವಿನಿಂದಲೂ ಆಗುವ ಕೆಲಸ.